ರಾಚ್‌ಡೇಲ್‌ನ ಬಾಡಿಗೆ ಮನೆ: ಬೂಷ್ಟು, ಬಕೆಟ್ ಸ್ನಾನ ಮತ್ತು ಒಂದು ಸಾವು

2020ರ ಡಿಸೆಂಬರ್ 21ರಂದು ಇಂಗ್ಲೆಂಡಿನ ರಾಚ್‌ಡೇಲ್ ಊರಿನ ಒಂದು ಗಂಡು ಮಗು ತೀರಿಕೊಂಡಿತು. ಹೆಸರು ಅವಾಬ್ ಇಶಾಕ್. ಎರಡನೇ ಹುಟ್ಟುಹಬ್ಬ ಆಗಿ ಎಂಟೇ ದಿನ. ಸಾವಿನ ವಿಚಾರಣೆ ಮುಗಿಯಲು ಸುಮಾರು ಎರಡು ವರ್ಷ ಹಿಡಿಯಿತು. 2022ರ ನವೆಂಬರ್ 15ರಂದು ಕೊರೊನರ್, ಅಂದರೆ ಅಸಹಜ ಸಾವುಗಳ ಕಾರಣ ವಿಚಾರಿಸುವ ಅಧಿಕಾರಿ, ಜೋಆನ್ ಕಿಯರ್ಸ್ಲಿ ತೀರ್ಮಾನ ಓದಿದರು. ಮನೆಯೊಳಗಿನ ಬೂಷ್ಟಿನ ನಡುವೆ ಬಹಳ ಕಾಲ ಬದುಕಿದ್ದರಿಂದ ಬಂದ ತೀವ್ರ ಉಸಿರಾಟದ ಕಾಯಿಲೆಯೇ ಈ ಸಾವಿಗೆ ಕಾರಣ ಎಂದರು. ಬ್ರಿಟನ್ನಿನಲ್ಲಿ, 2020ರಲ್ಲಿ, ಎರಡು ವರ್ಷದ ಮಗು ಬೂಷ್ಟಿನಿಂದ ಸಾಯುವುದು ಹೇಗೆ ಎಂದು ಅವರೇ ಕೇಳಿದರು.

ಬಾಡಿಗೆ ಮನೆಯಿಂದ ಆರೋಗ್ಯ ಕೆಡುತ್ತದೆ ಅಂತ ಎಲ್ಲರೂ ಹೇಳುತ್ತೇವೆ. ಆದರೆ ಇಂಥ ಮನೆಯಿಂದಲೇ ಇಂಥ ಕಾಯಿಲೆ ಬಂತು ಅಂತ ತೋರಿಸಿ ಅಂದರೆ ಕಷ್ಟ. ಕೆಮ್ಮು ಧೂಳಿನಿಂದಲೂ ಬರುತ್ತದೆ, ಚಳಿಯಿಂದಲೂ ಬರುತ್ತದೆ. ಈ ಪ್ರಕರಣದಲ್ಲಿ ಆ ಅನುಮಾನಕ್ಕೆ ಜಾಗ ಉಳಿದಿಲ್ಲ. ಯಾರು ಯಾವಾಗ ದೂರು ಕೊಟ್ಟರು, ಯಾವ ಉತ್ತರ ಬಂತು, ಯಾರು ಬಂದು ನೋಡಿ ಹೋದರು ಎಂಬುದೆಲ್ಲ ವಿಚಾರಣೆಯಲ್ಲಿ ದಾಖಲಾಗಿದೆ. ಹಾಗಾಗಿ ಇದನ್ನು ಸ್ವಲ್ಪ ನಿಧಾನವಾಗಿ ನೋಡುವುದು ಒಳ್ಳೆಯದು.

ಮನೆ ಹೇಗಿತ್ತು

ಸುಡಾನ್ ದೇಶದಿಂದ ಬಂದ ಕುಟುಂಬ. ತಂದೆ 2016ರಲ್ಲಿ ಈ ಮನೆಗೆ ಬಂದರು. ತಾಯಿ ಆಮೇಲೆ ಬಂದು ಸೇರಿಕೊಂಡರು. 2018ರ ಡಿಸೆಂಬರ್‌ನಲ್ಲಿ ಮಗು ಹುಟ್ಟಿತು. ಫ್ರೀಹೋಲ್ಡ್ ಎಂಬ ವಸತಿ ಬಡಾವಣೆಯ ಒಂದು ಬ್ಲಾಕ್‌ನಲ್ಲಿ ಒಂದು ಬೆಡ್‌ರೂಮಿನ ಫ್ಲಾಟ್. ರಾಚ್‌ಡೇಲ್ ಬರೋವೈಡ್ ಹೌಸಿಂಗ್ ಎಂಬ ಸಂಸ್ಥೆಯೇ ಮನೆಯ ಮಾಲೀಕ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಇಂಗ್ಲೆಂಡಿನಲ್ಲಿ ಬಾಡಿಗೆ ಮನೆ ಎರಡು ಬಗೆ. ಒಂದು, ನಮ್ಮಲ್ಲಿರುವ ಹಾಗೆ ಖಾಸಗಿ ಓನರ್ ಕೊಡುವ ಮನೆ. ಇನ್ನೊಂದು, ಊರಿನ ಕೌನ್ಸಿಲ್ ಅಥವಾ ಲಾಭಕ್ಕಾಗಿ ನಡೆಯದ ವಸತಿ ಸಂಸ್ಥೆಗಳು ಕಡಿಮೆ ಬಾಡಿಗೆಗೆ ಕೊಡುವ ಮನೆ. ಇದನ್ನು ಸೋಷಿಯಲ್ ಹೌಸಿಂಗ್ ಅನ್ನುತ್ತಾರೆ. ಸುಮಾರು 40 ಲಕ್ಷ ಕುಟುಂಬಗಳು ಇಂಥ ಮನೆಗಳಲ್ಲಿವೆ. ಕಾಯುವವರ ಪಟ್ಟಿ ಉದ್ದ. ಇರುವ ಮನೆ ಸರಿಯಿಲ್ಲ ಅಂತ ನಮ್ಮ ಹಾಗೆ ಟು-ಲೆಟ್ ಬೋರ್ಡ್ ಹುಡುಕಿಕೊಂಡು ಹೊರಡುವಂತಿಲ್ಲ. ಅರ್ಜಿ ಹಾಕಬೇಕು, ಕಾಯಬೇಕು.

ಇನ್ನು ಮನೆಯ ಒಳಗೆ ನೋಡೋಣ. ಅಡುಗೆ ಮನೆಯಲ್ಲಿ ಹೊಗೆ ಎಳೆಯುವ ಫ್ಯಾನ್ ಇರಲಿಲ್ಲ. ಕಿಟಕಿ ತೆರೆದರೆ ಎಲ್ಲರೂ ಓಡಾಡುವ ಪಡಸಾಲೆ. ಬಚ್ಚಲು ಮನೆಯಲ್ಲೂ ಗಾಳಿಯಾಡುವ ವ್ಯವಸ್ಥೆ ಸಾಕಾಗುತ್ತಿರಲಿಲ್ಲ. ಜನ ದಿನನಿತ್ಯ ಮಾಡುವ ಸಾಮಾನ್ಯ ಕೆಲಸಗಳಿಗೇ ಈ ಮನೆ ತಕ್ಕುದಾಗಿರಲಿಲ್ಲ, ಅದರಿಂದಲೇ ತೇವ ಹೆಚ್ಚಾಯಿತು ಎಂದು ಕೊರೊನರ್ ಹೇಳಿದರು. ನನ್ನ ಮಟ್ಟಿಗೆ ಇಡೀ ತೀರ್ಮಾನದಲ್ಲಿ ಅತಿ ಮುಖ್ಯವಾದ ಮಾತು ಇದೇ. ಅಡುಗೆ ಮಾಡುವುದು, ಸ್ನಾನ ಮಾಡುವುದು, ಬಟ್ಟೆ ಒಣಗಿಸುವುದು, ಉಸಿರಾಡುವುದು. ಇಷ್ಟನ್ನು ತಡೆದುಕೊಳ್ಳದ ಮನೆಯನ್ನು ಮನೆ ಅಂತ ಬಾಡಿಗೆಗೆ ಕೊಟ್ಟಿದ್ದರು.

ತೇವ ಹೇಗೆ ಬೂಷ್ಟಾಗುತ್ತದೆ ಎಂಬುದು ಸರಳ ವಿಷಯ. ಫ್ರಿಜ್ಜಿನ ನೀರು ತುಂಬಿದ ಸ್ಟೀಲ್ ಲೋಟದ ಹೊರಗೆ ಹನಿ ಕೂರುತ್ತದಲ್ಲ, ಚಳಿಗಾಲದ ಗೋಡೆಯ ಮೇಲೂ ಹಾಗೇ. ಬೆಚ್ಚಗಿನ ಗಾಳಿಯಲ್ಲಿ ನೀರಾವಿ ಜಾಸ್ತಿ ಇರುತ್ತದೆ. ಅದು ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಮನೆಯ ತಣ್ಣಗಿನ ಜಾಗ ಹುಡುಕಿಕೊಂಡು ನೀರಾಗುತ್ತದೆ. ಹೊರಗೋಡೆಯ ಮೂಲೆ, ಕಿಟಕಿಯ ಸುತ್ತ, ಬೀರುವಿನ ಹಿಂದೆ. ಬೂಷ್ಟಿನ ಬೀಜಕಣಗಳು ಗಾಳಿಯಲ್ಲಿ ಯಾವಾಗಲೂ ಇರುತ್ತವೆ. ಅವಕ್ಕೆ ಬೇಕಾದದ್ದು ಒದ್ದೆ ಜಾಗ ಮತ್ತು ತಿನ್ನಲು ಸ್ವಲ್ಪ ಬಣ್ಣದ ಪದರ, ಕಾಗದ, ಧೂಳು. ಮೇಲೆ ಬಣ್ಣ ಹೊಡೆದರೆ ಕೆಲವು ವಾರ ಕಾಣುವುದಿಲ್ಲ. ತೇವ ಅಲ್ಲೇ ಇರುವ ತನಕ ಅದು ವಾಪಸ್ ಬಂದೇ ಬರುತ್ತದೆ.

ದೂರು, ಬಣ್ಣ, ವಕೀಲರು

2017ರಲ್ಲಿ ತಂದೆ ಮೊದಲ ಸಲ ಬೂಷ್ಟಿನ ಬಗ್ಗೆ ಹೇಳಿದರು. ಬಣ್ಣ ಹೊಡೆದುಕೊಳ್ಳಿ ಎಂದು ಉತ್ತರ ಬಂತು. ಅವರು ಹೊಡೆದರು. ಒಂದು ಸಲ ಅಲ್ಲ, ಮತ್ತೆ ಮತ್ತೆ. ಬಾಡಿಗೆ ಮನೆಯಲ್ಲಿ ಇದ್ದವರಿಗೆ ಇದು ಗೊತ್ತಿರುವ ಕಥೆಯೇ. ಓನರ್ ಹತ್ತಿರ ಜಾಸ್ತಿ ಮಾತಾಡಿದರೆ ಸುಮ್ನೆ ಮನಸ್ತಾಪ, ನಾವೇ ಒಂದು ಡಬ್ಬ ಪೇಂಟ್ ತಂದು ಬಳಿದರಾಯಿತು ಅಂತ ಅಂದುಕೊಳ್ಳುತ್ತೇವೆ.

ಮಗು ಹುಟ್ಟಿದ ಮೇಲೆ ನೆಗಡಿ, ಕೆಮ್ಮು, ಉಸಿರಿನ ತೊಂದರೆ ಶುರುವಾಯಿತು. 2020ರ ಜೂನ್‌ನಲ್ಲಿ ತಂದೆ ವಕೀಲರ ಮೂಲಕ ಸಂಸ್ಥೆಯ ಮೇಲೆ ದಾವೆಗೆ ಮುಂದಾದರು. ಜುಲೈ 9ರಂದು ಮನೆಗೆ ಬಂದು ಮಕ್ಕಳನ್ನು ನೋಡುವ ಸರ್ಕಾರಿ ಆರೋಗ್ಯ ಕಾರ್ಯಕರ್ತೆ ಸಂಸ್ಥೆಗೆ ಪತ್ರ ಬರೆದರು. ಬೂಷ್ಟಿನಿಂದ ಮಗುವಿನ ಆರೋಗ್ಯದ ಬಗ್ಗೆ ಚಿಂತೆ ಆಗುತ್ತಿದೆ ಎಂಬುದು ಅದರ ಸಾರ. ಜುಲೈ 14ರಂದು ಸಂಸ್ಥೆಯವರು ಬಂದು ನೋಡಿದರು. ಅಡುಗೆ ಮನೆಯಲ್ಲೂ ಬಚ್ಚಲಿನಲ್ಲೂ ಬೂಷ್ಟು ಇದೆ, ಸರಿಪಡಿಸಬೇಕು ಅಂತ ಅವರೇ ಗುರುತು ಹಾಕಿಕೊಂಡರು.

ಡಿಸೆಂಬರ್ ಬಂದರೂ ಆ ಕೆಲಸ ಆಗಲಿಲ್ಲ.

ಇದಕ್ಕೆ ಸೋಮಾರಿತನ ಅಂತ ಹೆಸರು ಕೊಟ್ಟು ಮುಗಿಸಬಹುದಿತ್ತು. ಆದರೆ ವಿಚಾರಣೆಯಲ್ಲಿ ಹೊರಬಂದದ್ದು ಅದಕ್ಕಿಂತ ಕೆಟ್ಟದ್ದು. ಬಾಡಿಗೆದಾರ ವಕೀಲರ ಮೂಲಕ ದಾವೆ ಹೂಡಿದರೆ, ಆ ವಕೀಲರ ಜೊತೆ ಒಪ್ಪಂದ ಆಗುವ ತನಕ ರಿಪೇರಿ ಮಾಡಬಾರದು ಎಂಬ ಪದ್ಧತಿ ಸಂಸ್ಥೆಯಲ್ಲಿ ಇತ್ತು. ಇದು ಅವರೊಬ್ಬರದೇ ಪದ್ಧತಿಯೂ ಅಲ್ಲ. ಅಂದರೆ ಮೂರು ವರ್ಷ ಬಾಯಲ್ಲಿ ಹೇಳಿ ಸಾಕಾಗಿ ಕಾನೂನಿನ ದಾರಿ ಹಿಡಿದ ಮನುಷ್ಯನಿಗೆ, ಆ ದಾರಿ ಹಿಡಿದದ್ದಕ್ಕೇ ಕೆಲಸ ನಿಂತುಹೋಯಿತು. ಯಾರೂ ಬೇಕಂತ ಮಾಡಿದ್ದಲ್ಲ ಇರಬಹುದು. ಫೈಲು ಲೀಗಲ್ ವಿಭಾಗಕ್ಕೆ ಹೋಯಿತು, ಪ್ಲಂಬರ್ ಮತ್ತು ಪೇಂಟರ್ ಕಳಿಸುವವರ ಮೇಜಿನಿಂದ ಎದ್ದಿತು, ಅಷ್ಟೇ. ಆರೋಗ್ಯ ಕಾರ್ಯಕರ್ತೆಯ ಪತ್ರದಿಂದಲೂ ಈ ಗಂಟು ಬಿಚ್ಚಲಿಲ್ಲ.

ಬಕೆಟ್ ಸ್ನಾನದ ಆರೋಪ

ಈ ಭಾಗವನ್ನು ಓದಿದಾಗ ನನಗೆ ಸಿಟ್ಟು ಬಂದದ್ದು ನಿಜ.

ಬೂಷ್ಟಿಗೆ ಕಾರಣ ಈ ಕುಟುಂಬ ಬದುಕುವ ರೀತಿ ಎಂದು ಸಂಸ್ಥೆಯೊಳಗೆ ನಂಬಿದ್ದರು. ಅಡುಗೆ ಮಾಡುವ ರೀತಿ, ಸ್ನಾನ ಮಾಡುವ ರೀತಿ. ಬಕೆಟ್‌ನಿಂದ ನೀರು ಹೊಯ್ದುಕೊಳ್ಳುವ ಧಾರ್ಮಿಕ ಸ್ನಾನ ಇವರು ಮಾಡುತ್ತಾರೆ, ನೀರೆಲ್ಲ ಚೆಲ್ಲುತ್ತದೆ, ಅದಕ್ಕೇ ತೇವ ಎಂಬ ಮಾತು ವಿಚಾರಣೆಯಲ್ಲಿ ಬಂತು. ಕೊನೆಗೆ ಸಂಸ್ಥೆಯೇ ಒಪ್ಪಿಕೊಂಡಿತು: ಜೀವನಶೈಲಿಯ ಬಗ್ಗೆ ನಾವು ಊಹೆ ಮಾಡಿಕೊಂಡೆವು, ಅದು ತಪ್ಪಾಗಿತ್ತು ಎಂದು.

ಬಕೆಟ್ ತುಂಬಿಸಿ ಚೊಂಬಿನಲ್ಲಿ ಹೊಯ್ದುಕೊಂಡು ಬೆಳೆದ ನಮಗೆ ಇದು ಎಷ್ಟು ವಿಚಿತ್ರವಾಗಿ ಕೇಳುತ್ತದೆ ಅಲ್ವಾ? ಲೆಕ್ಕ ಹಾಕಿದರೂ ಈ ವಾದ ನಿಲ್ಲುವುದಿಲ್ಲ. ಒಂದು ಬಕೆಟ್ ಅಂದರೆ ಹದಿನೈದೋ ಇಪ್ಪತ್ತೋ ಲೀಟರ್ ನೀರು. ಹತ್ತು ನಿಮಿಷ ಬಿಸಿನೀರಿನ ಶವರ್ ಕೆಳಗೆ ನಿಂತರೆ ಅದಕ್ಕಿಂತ ಎಷ್ಟೋ ಜಾಸ್ತಿ ನೀರು, ಎಷ್ಟೋ ಜಾಸ್ತಿ ಹಬೆ. ಶವರ್ ತೆಗೆದುಕೊಳ್ಳುವವರಿಗೆ ಯಾರೂ ನಿಮ್ಮ ಸ್ನಾನವೇ ಸರಿಯಿಲ್ಲ ಅನ್ನುವುದಿಲ್ಲ.

ಸಂಸ್ಥೆಯ ಪರವಾಗಿಯೂ ಒಂದು ಮಾತು ಹೇಳಬೇಕು. ಮನೆಯಲ್ಲಿ ಹಬೆ ಹೆಚ್ಚಾದರೆ ತೇವ ಹೆಚ್ಚುವುದು ನಿಜ. ಪಾತ್ರೆಗೆ ಮುಚ್ಚಳ ಹಾಕಿ, ಕಿಟಕಿ ತೆರೆಯಿರಿ, ಒದ್ದೆ ಬಟ್ಟೆ ಒಳಗೆ ಒಣಹಾಕಬೇಡಿ ಎಂಬ ಸಲಹೆ ಸುಳ್ಳಲ್ಲ. ಆದರೆ ಹೊಗೆ ಎಳೆಯುವ ಫ್ಯಾನ್ ಇಲ್ಲದ ಅಡುಗೆ ಮನೆಯಲ್ಲಿ, ಮೈನಸ್ ಡಿಗ್ರಿ ಚಳಿಯಲ್ಲಿ, ಹಸುಗೂಸನ್ನು ಇಟ್ಟುಕೊಂಡು ಕಿಟಕಿ ತೆರೆಯಿರಿ ಅಂದರೆ ಏನರ್ಥ? ಬಟ್ಟೆ ಒಣಹಾಕಲು ಬಾಲ್ಕನಿ ಇಲ್ಲದವರು ಎಲ್ಲಿ ಹಾಕಬೇಕು?

ವಿಚಿತ್ರ ಏನೆಂದರೆ, ಕೊರೊನರ್ ತೀರ್ಮಾನಕ್ಕೂ ಮೊದಲೇ ಇದನ್ನು ಎಚ್ಚರಿಸಿದ್ದರು. ಬಾಡಿಗೆದಾರರ ದೂರು ಕೇಳುವ ಇಂಗ್ಲೆಂಡಿನ ಹೌಸಿಂಗ್ ಓಂಬುಡ್ಸ್‌ಮನ್ 2021ರ ಅಕ್ಟೋಬರ್‌ನಲ್ಲಿ ತೇವ ಮತ್ತು ಬೂಷ್ಟಿನ ಬಗ್ಗೆ ಒಂದು ವರದಿ ಕೊಟ್ಟಿದ್ದರು. ಇದು ಜೀವನಶೈಲಿಯ ವಿಷಯ ಅಲ್ಲ ಎಂಬುದೇ ಅದರ ತಲೆಬರಹ. ಮಗು ತೀರಿಕೊಂಡು ಹತ್ತು ತಿಂಗಳಾಗಿತ್ತು, ಆದರೆ ಈ ಪ್ರಕರಣ ಆಗಿನ್ನೂ ದೇಶಕ್ಕೆ ಗೊತ್ತಿರಲಿಲ್ಲ. ಒಂದೊಂದು ಊರಿನಿಂದ ಬಂದ ದೂರುಗಳನ್ನು ನೋಡಿಯೇ ಅವರಿಗೆ ಈ ಚಾಳಿ ಕಂಡಿತ್ತು.

ಬಾಡಿಗೆದಾರನದೇ ತಪ್ಪು ಅಂತ ಒಮ್ಮೆ ಬರೆದುಕೊಂಡರೆ ಆಮೇಲೆ ಮನೆಯನ್ನು ಸರಿಯಾಗಿ ನೋಡುವ ಕೆಲಸವೇ ಇರುವುದಿಲ್ಲ. ಫ್ಯಾನ್ ಇದೆಯಾ, ಗೋಡೆ ಎಷ್ಟು ತಣ್ಣಗಿದೆ, ಪೈಪ್ ಎಲ್ಲಾದರೂ ಸೋರುತ್ತಿದೆಯಾ ಎಂಬ ಪ್ರಶ್ನೆಗಳು ಅಲ್ಲಿಗೇ ನಿಲ್ಲುತ್ತವೆ. ನನ್ನ ಲೆಕ್ಕದಲ್ಲಿ ಈ ಮಗುವಿಗೆ ಬೂಷ್ಟಿನಷ್ಟೇ ಕೇಡು ಮಾಡಿದ್ದು ಈ ಸಿದ್ಧ ಉತ್ತರ.

ಕೊನೆಯ ಮೂರು ದಿನ

ಇದನ್ನು ಉದ್ದ ಮಾಡುವುದಿಲ್ಲ. ಡಿಸೆಂಬರ್ 19ರಂದು ಉಸಿರಾಟ ಕಷ್ಟವಾಗಿ ಮಗುವನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಚಿಕಿತ್ಸೆ ಕೊಟ್ಟು ಮನೆಗೆ ಕಳಿಸಿದರು. ಮನೆ ಎಂದರೆ ಅದೇ ಫ್ಲಾಟ್. ಮರುದಿನ ಇನ್ನೂ ಜಾಸ್ತಿಯಾಯಿತು. 21ರಂದು ಮತ್ತೆ ಕರೆದುಕೊಂಡು ಹೋದಾಗ ಕೈ ಮೀರಿತ್ತು.

ಮರಣೋತ್ತರ ಪರೀಕ್ಷೆಯಲ್ಲಿ ಗಂಟಲು ಮತ್ತು ಶ್ವಾಸನಾಳ ಊದಿಕೊಂಡು ಗಾಳಿ ಹೋಗುವ ದಾರಿ ಕಟ್ಟಿಕೊಂಡದ್ದು ಕಂಡಿತು. ಮನೆಯ ಬೂಷ್ಟಿನಿಂದ ಹೀಗಾಗಿದೆ ಎಂಬ ಮಾತನ್ನು ಸಾವಿನ ವೈದ್ಯಕೀಯ ಕಾರಣದಲ್ಲೇ ಬರೆದರು. ಮಗು ತೀರಿಕೊಳ್ಳುವ ಐದು ದಿನ ಮೊದಲು, ಡಿಸೆಂಬರ್ 16ರಂದು, ಲಂಡನ್ನಿನಲ್ಲಿ ಇನ್ನೊಬ್ಬ ಕೊರೊನರ್ 2013ರಲ್ಲಿ ತೀರಿಕೊಂಡ ಒಂಬತ್ತು ವರ್ಷದ ಆಸ್ತಮಾ ಇದ್ದ ಹುಡುಗಿಯ ಸಾವಿಗೆ ರಸ್ತೆಯ ಹೊಗೆಯೂ ಕಾರಣ ಎಂದಿದ್ದರು. ಹೊರಗಿನ ಗಾಳಿಯ ಹೆಸರು ಸಾವಿನ ದಾಖಲೆಗೆ ಬಂದ ವಾರದಲ್ಲೇ ಒಳಗಿನ ಗಾಳಿಯಿಂದ ಈ ಮಗು ಸತ್ತಿತು.

ಹೆದರಿಸುವುದು ನನ್ನ ಉದ್ದೇಶ ಅಲ್ಲ. ಬೂಷ್ಟು ಇರುವ ಮನೆಯಲ್ಲಿ ಹೀಗೆ ಸಾವು ಆಗುವುದು ತುಂಬ ಅಪರೂಪ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಮನೆಯೊಳಗಿನ ತೇವ ಮತ್ತು ಬೂಷ್ಟಿನ ಬಗ್ಗೆಯೇ ಮಾರ್ಗಸೂಚಿ ತಂದಿತು. ಅದರ ಪ್ರಕಾರ ಇಂಥ ಮನೆಗಳಲ್ಲಿ ಇರುವವರಿಗೆ ಉಸಿರಾಟದ ತೊಂದರೆ, ಸೋಂಕು, ಆಸ್ತಮಾ ಬರುವುದು, ಇರುವ ಆಸ್ತಮಾ ಕೆರಳುವುದು ಜಾಸ್ತಿ. ಸಾವಿನ ಸುದ್ದಿ ಪೇಪರಿನಲ್ಲಿ ಬರುತ್ತದೆ. ವರ್ಷವಿಡೀ ಮೂಗು ಸೋರುವ ಮಕ್ಕಳ ಸುದ್ದಿ ಬರುವುದಿಲ್ಲ.

ಮನಸ್ಸಿನ ಮೇಲಾಗುವ ಹೊರೆಯೂ ಹಾಗೇ, ಎಲ್ಲೂ ದಾಖಲಾಗುವುದಿಲ್ಲ. ಫೋನ್ ಮಾಡಿ ಮಾಡಿ ಸಾಕಾಗುವುದು, ಮಗು ಕೆಮ್ಮಿದಾಗಲೆಲ್ಲ ಗೋಡೆ ನೋಡುವುದು, ನಾವೇ ಕೊಳಕು ಜನ ಎಂಬ ಹಾಗೆ ಮಾತಾಡಿಸಿಕೊಳ್ಳುವುದು. 2023ರಲ್ಲಿ ಎಸೆಕ್ಸ್ ಮತ್ತು ಅಡಿಲೇಡ್ ವಿಶ್ವವಿದ್ಯಾಲಯಗಳ ಸಂಶೋಧಕರು ಬ್ರಿಟನ್ನಿನ ಜನರ ಡಿಎನ್‌ಎ ಮೇಲಿನ ಗುರುತುಗಳನ್ನು ನೋಡಿ ದೇಹಕ್ಕೆ ಎಷ್ಟು ಬೇಗ ವಯಸ್ಸಾಗುತ್ತಿದೆ ಎಂದು ಅಂದಾಜು ಮಾಡಿದರು. ಸಾಲ ಇಲ್ಲದ ಸ್ವಂತ ಮನೆಯಲ್ಲಿ ಇರುವವರಿಗಿಂತ ಖಾಸಗಿ ಬಾಡಿಗೆ ಮನೆಯಲ್ಲಿ ಇರುವವರಿಗೆ ಬೇಗ ವಯಸ್ಸಾಗುತ್ತಿತ್ತು. ಈ ವ್ಯತ್ಯಾಸ ಕೆಲಸ ಇರುವವರಿಗೂ ಇಲ್ಲದವರಿಗೂ ನಡುವೆ ಕಂಡ ವ್ಯತ್ಯಾಸದ ಹೆಚ್ಚುಕಡಿಮೆ ಎರಡರಷ್ಟು. ಕಡಿಮೆ ಬಾಡಿಗೆಯ, ಖಾಲಿ ಮಾಡಿಸುವ ಭಯ ಕಡಿಮೆ ಇರುವ ಸೋಷಿಯಲ್ ಹೌಸಿಂಗ್‌ನಲ್ಲಿ ಈ ವ್ಯತ್ಯಾಸ ಕಾಣಲಿಲ್ಲ. ಗೋಡೆಯ ಬೂಷ್ಟು ಒಂದು ಕಡೆ, ನಾಳೆ ಈ ಮನೆ ಇರುತ್ತೋ ಇಲ್ಲವೋ ಎಂಬ ಚಿಂತೆ ಇನ್ನೊಂದು ಕಡೆ. ಅವಾಬ್‌ನ ಮನೆಯದು ಮೊದಲನೆಯ ತೊಂದರೆ.

ಆಮೇಲೆ ಏನಾಯಿತು

ಕೊರೊನರ್ ತೀರ್ಮಾನ ಬಂದ ವಾರದೊಳಗೆ ಸಂಸ್ಥೆಯ ಮುಖ್ಯಸ್ಥರನ್ನು ಕೆಲಸದಿಂದ ತೆಗೆದರು. ಕುಟುಂಬ, ಮ್ಯಾಂಚೆಸ್ಟರ್ ಈವ್ನಿಂಗ್ ನ್ಯೂಸ್ ಪತ್ರಿಕೆ ಮತ್ತು ವಸತಿ ಹಕ್ಕಿನ ಸಂಸ್ಥೆ ಶೆಲ್ಟರ್ ಸೇರಿ ಕಾನೂನು ಬೇಕೆಂದು ಹೋರಾಡಿದರು. 2023ರ ಜುಲೈ 20ರಂದು ಸೋಷಿಯಲ್ ಹೌಸಿಂಗ್ ಬಗ್ಗೆ ಹೊಸ ಕಾಯ್ದೆ ಬಂತು. ಅದರ ಒಂದು ಭಾಗಕ್ಕೆ ಮಗುವಿನ ಹೆಸರು ಅಂಟಿಕೊಂಡಿದೆ. ಎಲ್ಲರೂ ಅದನ್ನು ಅವಾಬ್‌ನ ಕಾನೂನು ಎಂದೇ ಕರೆಯುತ್ತಾರೆ. ನಿಯಮಗಳು ಜಾರಿಗೆ ಬಂದದ್ದು 2025ರ ಅಕ್ಟೋಬರ್ 27ರಂದು. ಸಾವಿನಿಂದ ಲೆಕ್ಕ ಹಾಕಿದರೆ ಹೆಚ್ಚುಕಡಿಮೆ ಐದು ವರ್ಷ.

ಕಾನೂನಿನ ತಿರುಳು ಗಡುವು. ಜೀವಕ್ಕೆ ತಕ್ಷಣದ ಅಪಾಯ ಇದ್ದರೆ 24 ಗಂಟೆಯೊಳಗೆ ಬಂದು ನೋಡಿ ಅಪಾಯ ತಪ್ಪಿಸಬೇಕು. ಗಂಭೀರ ತೇವ, ಬೂಷ್ಟು ಇದ್ದರೆ 10 ಕೆಲಸದ ದಿನಗಳೊಳಗೆ ಪರಿಶೀಲಿಸಬೇಕು. ಪರಿಶೀಲನೆ ಮುಗಿದ 3 ಕೆಲಸದ ದಿನಗಳೊಳಗೆ ಏನು ಕಂಡಿತು ಅಂತ ಬಾಡಿಗೆದಾರರಿಗೆ ಬರೆದು ಕೊಡಬೇಕು, 5 ಕೆಲಸದ ದಿನಗಳೊಳಗೆ ಮನೆಯನ್ನು ಸುರಕ್ಷಿತ ಮಾಡಬೇಕು. ಆಗದಿದ್ದರೆ ತಾತ್ಕಾಲಿಕವಾಗಿ ಬೇರೆ ಕಡೆ ಇರಲು ವ್ಯವಸ್ಥೆ ಮಾಡಬೇಕು, ಅದೂ ಮಾಲೀಕರ ಖರ್ಚಿನಲ್ಲಿ.

ಈ ಗಡುವುಗಳನ್ನು ರಾಚ್‌ಡೇಲ್‌ಗೆ ಹೊಂದಿಸಿ ನೋಡಿ. ಜುಲೈ 14ರ ಪರಿಶೀಲನೆ ಆದ ಮೇಲೆ ಜುಲೈ ತಿಂಗಳು ಮುಗಿಯುವುದರೊಳಗೆ ಆ ಮನೆ ಸುರಕ್ಷಿತ ಆಗಬೇಕಿತ್ತು, ಇಲ್ಲವೇ ಕುಟುಂಬ ಬೇರೆ ಕಡೆ ಇರಬೇಕಿತ್ತು.

ಬರೆದು ಕೊಡಬೇಕು ಎಂಬ ನಿಯಮ ಚಿಕ್ಕದಾಗಿ ಕಾಣುತ್ತದೆ, ನನಗೆ ಅದೇ ಹೆಚ್ಚು ಹಿಡಿಸಿತು. ನಿಮ್ಮ ಸ್ನಾನದಿಂದಲೇ ತೇವ ಅಂತ ಫೋನಿನಲ್ಲಿ ಹೇಳುವುದು ಸುಲಭ. ಮನೆ ನೋಡಿ, ಕಾರಣ ಹುಡುಕಿ, ಸಹಿ ಹಾಕಿ ಹಾಗೆ ಬರೆದು ಕೊಡುವುದು ಅಷ್ಟು ಸುಲಭ ಅಲ್ಲ.

ಖಾಸಗಿ ಓನರ್‌ಗಳ ಮನೆಗೆ ಈ ಗಡುವುಗಳು ಆಗ ಅನ್ವಯಿಸಲಿಲ್ಲ. ಅದೇ 2025ರ ಅಕ್ಟೋಬರ್ 27ರಂದು ಅಂಕಿತ ಬಿದ್ದ ಬಾಡಿಗೆದಾರರ ಹಕ್ಕುಗಳ ಕಾಯ್ದೆಯಲ್ಲಿ ಅವರನ್ನೂ ಸೇರಿಸಲು ದಾರಿ ಮಾಡಿದ್ದಾರೆ, ವಿವರವಾದ ನಿಯಮಗಳನ್ನು ಆಮೇಲೆ ತರಬೇಕು. ಇಂಗ್ಲೆಂಡಿಗೆ ಓದಲು, ನರ್ಸ್ ಕೆಲಸಕ್ಕೆ, ಐಟಿ ಕೆಲಸಕ್ಕೆ ಹೋಗುವ ಕನ್ನಡಿಗರು ಇದನ್ನು ಗಮನಿಸಬೇಕು. ಇಂಥ ವೀಸಾದಲ್ಲಿ ಹೋದವರಿಗೆ ಸಾಮಾನ್ಯವಾಗಿ ಸೋಷಿಯಲ್ ಹೌಸಿಂಗ್ ಸಿಗುವುದಿಲ್ಲ. ಅವರು ಇರುವುದು ಖಾಸಗಿ ಬಾಡಿಗೆ ಮನೆಗಳಲ್ಲೇ. ಹಾಗಂತ ಕೈ ಖಾಲಿ ಏನಲ್ಲ. ಮನೆ ವಾಸಕ್ಕೆ ಯೋಗ್ಯವಾಗಿರಬೇಕು ಎಂಬ 2018ರ ಕಾಯ್ದೆ ಖಾಸಗಿ ಮನೆಗಳಿಗೂ ಅನ್ವಯಿಸುತ್ತದೆ. ಊರಿನ ಕೌನ್ಸಿಲ್‌ಗೆ ದೂರು ಕೊಟ್ಟರೆ ಅವರು ಬಂದು ಮನೆ ಪರೀಕ್ಷಿಸಬಹುದು.

ನಮ್ಮ ಗೋಡೆಗಳು

ಈ ಪ್ರಕರಣವನ್ನು ಹಾಗೇ ಎತ್ತಿ ಬೆಂಗಳೂರಿಗೆ ತಂದು ಇಡಲು ಆಗುವುದಿಲ್ಲ. ಅಲ್ಲಿ ಚಳಿಗೆ ಕಿಟಕಿ ಮುಚ್ಚಿ, ಒಳಗಿನ ಹಬೆ ಗೋಡೆಗೆ ಕೂತು ಬೂಷ್ಟು ಬರುತ್ತದೆ. ನಮ್ಮಲ್ಲಿ ಬಹಳ ಕಡೆ ನೀರು ಹೊರಗಿನಿಂದ ಬರುತ್ತದೆ. ಸೋರುವ ಆರ್‌ಸಿಸಿ, ಮೇಲಿನ ಮನೆಯ ಬಚ್ಚಲಿನಿಂದ ಇಳಿಯುವ ನೀರು, ಪಾಯದಿಂದ ಗೋಡೆಗೆ ಏರುವ ತೇವ, ಪಕ್ಕದ ಕಟ್ಟಡಕ್ಕೆ ಅಂಟಿಕೊಂಡಂತೆ ಕಟ್ಟಿ ಗಾಳಿ ಬೆಳಕು ಬಾರದ ಕೋಣೆಗಳು. ಕರಾವಳಿ, ಮಲೆನಾಡಿನಲ್ಲಂತೂ ಮಳೆಗಾಲದಲ್ಲಿ ಸ್ವಂತ ಮನೆಯ ಬೀರುವಿನ ಬಟ್ಟೆಗೂ ಬೂಷ್ಟು ಬರುತ್ತದೆ. ಅದಕ್ಕೆ ಯಾವ ಓನರನ್ನೂ ಬೈಯಲಾಗದು.

ಆದರೆ ಮಾತುಕತೆ ಮಾತ್ರ ಒಂದೇ. ಗೋಡೆ ಒದ್ದೆಯಾಗಿದೆ ಅಂತ ಹೇಳಿದರೆ, ನೀವು ಕಿಟಕಿ ತೆಗೆಯಲ್ಲ, ಒಳಗೆ ಬಟ್ಟೆ ಹಾಕ್ತೀರಿ, ನೀರು ಜಾಸ್ತಿ ಬಳಸ್ತೀರಿ ಅನ್ನುವ ಉತ್ತರ. ಹಿಂದೆ ಇದ್ದವರು ಯಾರೂ ಹೇಳಿರಲಿಲ್ಲ ಅನ್ನುವುದು ಇನ್ನೊಂದು. ಹಿಂದೆ ಇದ್ದವರು ಯಾಕೆ ಬಿಟ್ಟರು ಅಂತ ನಾವೂ ಕೇಳಿರುವುದಿಲ್ಲ, ಬಿಡಿ. ಮನೆ ನೋಡಲು ಹೋದಾಗ ಹೊಸ ಬಣ್ಣದ ವಾಸನೆ ಬಂದರೆ ಖುಷಿಪಡುತ್ತೇವೆ. ಒಂದೇ ಗೋಡೆಗೆ ಮಾತ್ರ ಹೊಸ ಬಣ್ಣ ಇದ್ದರೆ, ಆ ಗೋಡೆಯ ಆಚೆ ಏನಿದೆ ಅಂತ ನೋಡಿ. ಬಚ್ಚಲು ಇರುವ ಸಾಧ್ಯತೆ ಜಾಸ್ತಿ.

ಕಾನೂನು ಇಲ್ಲೂ ಇಲ್ಲದೆ ಇಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ನಿನಲ್ಲಿ ಒಂದು ಮಾತಿದೆ. ಮಾಲೀಕ ಮಾಡಬೇಕಾದ ರಿಪೇರಿಯನ್ನು ತಿಳಿಸಿದ ಮೇಲೂ ಸಮಂಜಸ ಸಮಯದಲ್ಲಿ ಮಾಡದಿದ್ದರೆ, ಬಾಡಿಗೆದಾರ ತಾನೇ ಮಾಡಿಸಿ ಆ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು, ಕರಾರಿನಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ. 2021ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಯಾವ ರಿಪೇರಿ ಯಾರದು ಅಂತ ಪಟ್ಟಿಯೇ ಇದೆ. ಕಟ್ಟಡದ ರಿಪೇರಿ, ಗೋಡೆಗೆ ಸುಣ್ಣಬಣ್ಣ, ಪೈಪ್ ಬದಲಾವಣೆ, ವೈರಿಂಗ್ ಓನರ್‌ಗೆ. ನಲ್ಲಿಯ ವಾಷರ್, ಚರಂಡಿ ಕಟ್ಟಿಕೊಂಡದ್ದು, ಸ್ವಿಚ್ಚು ಬಾಡಿಗೆದಾರನಿಗೆ. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಬೇಡ ಎಂದೂ ಅದರಲ್ಲಿದೆ. ಆದರೆ ಅದು ಮಾದರಿ ಮಾತ್ರ, ಆಯಾ ರಾಜ್ಯ ತನ್ನ ಕಾನೂನಾಗಿ ತಂದರೆ ಅಷ್ಟೇ ಬೆಲೆ.

ಬೆಂಗಳೂರಿನಲ್ಲಿ ಬಾಡಿಗೆ ಕರಾರು ಬಹುತೇಕ 11 ತಿಂಗಳಿಗೆ. ಬಹಳ ಕಾಲ ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್ ಎಂಬುದೇ ರೂಢಿಯಾಗಿತ್ತು, ಈಗಲೂ ಎಷ್ಟೋ ಓನರ್‌ಗಳು ಅಷ್ಟೇ ಕೇಳುತ್ತಾರೆ. ಮನೆ ಬಿಡುವಾಗ ಅದರಲ್ಲಿ ಒಂದು ತಿಂಗಳ ಬಾಡಿಗೆಯನ್ನು ಪೇಂಟಿಂಗ್ ಅಂತ ಹಿಡಿದುಕೊಳ್ಳುವುದೂ ರೂಢಿ. ಲಕ್ಷಗಟ್ಟಲೆ ದುಡ್ಡು ಓನರ್ ಕೈಯಲ್ಲಿ ಇರುವಾಗ 108ನೇ ಸೆಕ್ಷನ್ ಹೇಳಿ ಬಾಡಿಗೆ ಮುರಿದುಕೊಳ್ಳುವವರು ಎಷ್ಟು ಜನ ಸಿಗುತ್ತಾರೆ? ಹಾಗಾಗಿ ಕೈಲಾಗುವ ಕೆಲಸ ಚಿಕ್ಕದು. ಮನೆ ಸೇರುವ ದಿನವೇ ಪ್ರತಿ ಗೋಡೆಯ ಫೋಟೊ ತೆಗೆದು ಓನರ್‌ಗೆ ವಾಟ್ಸಾಪ್ ಮಾಡಿ. ತೇವ ಕಂಡ ದಿನ ಬಾಯಲ್ಲಿ ಹೇಳಿದ್ದನ್ನೇ ಬರೆದೂ ಕಳಿಸಿ. ಮಗುವನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದರೆ ಮನೆಯ ಗೋಡೆ ಒದ್ದೆ ಇದೆ ಅಂತಲೂ ಹೇಳಿ. ಅವರಾಗಿ ಕೇಳುವುದು ಕಡಿಮೆ.